ತೊಗರಿ ನಾಡಿನಲ್ಲಿ ಬಟಾಣಿ ಕಾಳು

ಮೊಡವೆ ಹರೆಯದವರ ಸ್ವತ್ತು, ಲಗ್ನವಾಗಿ ಒಂದು ಮಗುವಾಗುವ ಹೊತ್ತಿಗೆ ಅದು ತಾನಾಗಿ ಮನೆ ಖಾಲಿ ಮಾಡುತ್ತದೆ ಎಂಬುದು ನಮ್ಮ ಅತ್ತೆಯವರ ದೃಢ ನಂಬಿಕೆ. ನನ್ನ ಮಗ ನಾಲ್ಕನೇ ಕ್ಲಾಸಿಗೆ ಬಂದ ಮೇಲೂ ನನ್ನ ಗದ್ದದ ಸುತ್ತ, ದವಡೆಯ ಅಂಚಿನಲ್ಲಿ ಅವು ಬಿಡಾರ ಹೂಡಿಕೊಂಡೇ ಇದ್ದದ್ದು ಅವರಿಗೆ ಆರೋಗ್ಯದ ಪ್ರಶ್ನೆಯಾಗಿ ಕಾಣಲಿಲ್ಲ, ನಡತೆಯ ಪ್ರಶ್ನೆಯಾಗಿ ಕಂಡಿತು. “ಕಾಲೇಜಿನ್ಯಾಗ ಪಾಠ ಹೇಳೋಕಿ, ಮಾರಿ ನೋಡಿದ್ರ ಪಾಠ ಕೇಳೋ ಹುಡುಗಿ ಹಂಗ ಅದ” ಎಂದು ಅವರು ಅಂದದ್ದನ್ನು ಹೊಗಳಿಕೆಯೆಂದು ತೆಗೆದುಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ. ಶಾಸ್ತ್ರವೂ ಅವರ ಕಡೆಗೇ ಇದೆ. ಸುಶ್ರುತ ಸಂಹಿತೆ ಇದನ್ನು ಮುಖದೂಷಿಕಾ ಎಂದು ಕರೆದು, ಹರೆಯದವರ ಮುಖದಲ್ಲಿ ಬೂರುಗದ ಮರದ ಮುಳ್ಳಿನ ಹಾಗೆ ಏಳುವ ಗುಳ್ಳೆ ಎನ್ನುತ್ತದೆ. ಬೂರುಗದ ಮರ ನೋಡಿದವರಿಗೆ ಈ ವರ್ಣನೆ ಎಷ್ಟು ನಿಖರ ಎಂದು ಬೇರೆ ಹೇಳಬೇಕಾಗಿಲ್ಲ. ಬುಡ ಅಗಲ, ತುದಿ ಚೂಪು, ಮುಟ್ಟಿದರೆ ನೋವು. ಆದರೆ ಮೂವತ್ತು ದಾಟಿದ ಹೆಂಗಸರ ಗದ್ದದ ಕಡೆ ಸುಶ್ರುತ ಕಣ್ಣು ಹಾಯಿಸಿದಂತಿಲ್ಲ. ಈಗಿನ ಚರ್ಮದ ಡಾಕ್ಟರುಗಳು ಹಾಯಿಸುತ್ತಾರೆ. ಗದ್ದ ಮತ್ತು ದವಡೆಯ ಅಂಚು ಅವರ ಪ್ರಕಾರ ವಯಸ್ಕ ಹೆಂಗಸರ ಮೊಡವೆಯ ಮೆಚ್ಚಿನ ಜಾಗ.

ಮುಖ ನನ್ನದಾದರೂ ಅದರ ಮೇಲೆ ಮಾತಾಡುವ ಹಕ್ಕು ಐದು ಊರುಗಳಿಗಿದೆ. ಹುಟ್ಟಿದ್ದು ಶಹಾಬಾದಿನಲ್ಲಿ, ಕೊಟ್ಟಿದ್ದು ಸೇಡಂಗೆ. ನೌಕರಿ ಚಿತ್ತಾಪುರದಲ್ಲಿ, ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಅಣ್ಣ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿದ್ದಾನೆ. ನಾದಿನಿಯನ್ನು ಕೊಟ್ಟದ್ದು ಚಿಂಚೋಳಿಗೆ. ಮೊದಲಿನ ನಾಲ್ಕೂ ರೈಲಿನ ಊರುಗಳು. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹಳಿ ಹಾಕಿದವರು ಹೈದರಾಬಾದನ್ನು ಮುಂಬಯಿ–ಮದ್ರಾಸ್ ಮಾರ್ಗಕ್ಕೆ ಜೋಡಿಸುವ ಯೋಚನೆಯಲ್ಲಿದ್ದರು. ಮುಂದೊಂದು ಕಾಲಕ್ಕೆ ಅದೇ ಹಳಿಯ ಮೇಲೆ ಸೇಡಂ ಸೊಸೆಯ ಮೊಡವೆಯ ಸುದ್ದಿ ಆಕೆಗಿಂತ ಮೊದಲು ಶಹಾಬಾದ ಮುಟ್ಟುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಚಿಂಚೋಳಿಗೆ ರೈಲಿಲ್ಲ. ಅಲ್ಲಿಗೆ ಸುದ್ದಿ ಒಂದು ಬಸ್ಸು ತಡವಾಗಿ ಹೋಗುತ್ತದೆ. ಸಲಹೆ ಮಾತ್ರ ಅಲ್ಲಿಂದಲೇ ಮೊದಲು ಬರುತ್ತದೆ.

ಈ ಮೊಡವೆ ಯಾರ ಕಡೆಯಿಂದ ಬಂತು ಎಂಬುದು ತವರಿನಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ. “ನಿಮ್ಮಪ್ಪನ ಕಡೀದು” ಎನ್ನುತ್ತಾಳೆ ಅವ್ವ. ಅಪ್ಪ ಗೋಡೆಯ ಮೇಲಿನ ನಮ್ಮ ತಾಯಿಯ ತಾಯಿಯ ಫೋಟೊ ಕಡೆ ಬೆರಳು ಮಾಡಿ ಸುಮ್ಮನಾಗುತ್ತಾನೆ. ಮೊಡವೆ ವಂಶದಲ್ಲಿ ಹರಿದು ಬರುತ್ತದೆ ಎಂಬುದರಲ್ಲಿ ವೈದ್ಯರಿಗೂ ಅನುಮಾನವಿಲ್ಲ. ಅವಳಿಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನಗಳು ಅದನ್ನೇ ಹೇಳುತ್ತವೆ. ವಂಶದಿಂದ ಬರುವ ಪಾಲಿನ ಮಾತು ನಮ್ಮ ಕಡೆಗೆ ಹೊಸದೇನಲ್ಲ. ಶಹಾಬಾದ ಪಕ್ಕದ ಮರತೂರು ವಿಜ್ಞಾನೇಶ್ವರನ ಊರು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕೂತು ಆತ ಬರೆದ ‘ಮಿತಾಕ್ಷರಾ’ದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಪಾಲು. ಹೆಣ್ಣುಮಕ್ಕಳೆಲ್ಲರಿಗೂ ಆ ಪಾಲು ದಕ್ಕಲು 2005ರ ತಿದ್ದುಪಡಿಯ ತನಕ ಕಾಯಬೇಕಾಯಿತು. ಮೊಡವೆ ಮಾತ್ರ ಯಾವ ತಿದ್ದುಪಡಿಗೂ ಕಾಯದೆ ಅಣ್ಣನಿಗೂ ನನಗೂ ಸಮಪಾಲು ಕೊಟ್ಟಿತ್ತು. ಅಣ್ಣ ತನ್ನ ಪಾಲನ್ನು ಇಪ್ಪತ್ತೆರಡಕ್ಕೆ ತೀರಿಸಿಕೊಂಡ. ನನ್ನದು ಇನ್ನೂ ಜಾರಿಯಲ್ಲಿದೆ.

ಅವ್ವನ ಇನ್ನೊಂದು ವಾದ ನೀರಿನದು. “ಸೇಡಂ ನೀರು ನಿನಗ ಹಿಡಿಸಿಲ್ಲ” ಎನ್ನುತ್ತಾಳೆ, ಶಹಾಬಾದ ನೀರೇನೋ ಗಂಗಾಜಲ ಎಂಬಂತೆ. ಎರಡೂ ಊರಿನ ನೆಲದಡಿ ಇರುವುದು ಅದೇ ಸುಣ್ಣಕಲ್ಲು. ಆ ಕಲ್ಲನ್ನು ಹಾಸು ಹಾಸಾಗಿ ಎಬ್ಬಿಸಿ ಶಹಾಬಾದ ಕಲ್ಲು ಎಂದು ಊರೂರಿಗೆ ಕಳಿಸುತ್ತಾರೆ. ಸುಟ್ಟು ಬೀಸಿ ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟು ಮಾಡುತ್ತಾರೆ. ಅದರ ನಡುವೆ ಹಾದು ಬರುವ ಬೋರಿನ ನೀರು ಗಡಸಾಗದೆ ಇನ್ನೇನಾದೀತು? ಸಾಬೂನು ನೊರೆ ಬಿಡುವುದಿಲ್ಲ. ಬಿಟ್ಟ ಅಷ್ಟಿಷ್ಟೂ ಮುಖದ ಮೇಲೆ ಜಿಗುಟಾಗಿ ಉಳಿದು, ಚರ್ಮ ಬಿಗಿದು ಒಣಗುತ್ತದೆ. ಅಷ್ಟರಮಟ್ಟಿಗೆ ಅವ್ವನ ಮಾತು ಖರೆ. ಮೊಡವೆ ಹುಟ್ಟಿಸುವಷ್ಟು ಶಕ್ತಿ ನೀರಿಗಿಲ್ಲ. ಸುಮ್ಮನಿರುವ ಚರ್ಮವನ್ನು ಕೆಣಕುವ ಶಕ್ತಿ ಇದೆ.

ಅತ್ತೆಯವರದು ಉಷ್ಣದ ಸಿದ್ಧಾಂತ. ಮೊಡವೆ ಎದ್ದರೆ ಉಷ್ಣ, ಹೋದರೆ ಅವರು ಕೊಟ್ಟ ಮಜ್ಜಿಗೆಯ ಗುಣ. ಮೊದಲ ಆರೋಪಿ ಶೇಂಗಾ ಹಿಂಡಿ. ಜೋಳದ ರೊಟ್ಟಿಗೆ ಪುಂಡಿಪಲ್ಯ, ಪುಂಡಿಪಲ್ಯದ ಮಗ್ಗುಲಿಗೆ ಹಿಂಡಿ ಎಂಬ ವ್ಯವಸ್ಥೆಯಲ್ಲಿ ಬೆಳೆದವಳಿಗೆ ಹಿಂಡಿ ಬಿಡು ಎನ್ನುವುದು ಸಣ್ಣ ಶಿಕ್ಷೆಯಲ್ಲ. ಆಮೇಲೆ ತೋರಿಸಿಕೊಂಡ ಚರ್ಮದ ಡಾಕ್ಟರು ಹೇಳಿದ್ದೇನೆಂದರೆ, ತಿನ್ನುವುದರಲ್ಲಿ ಒಂದಿಷ್ಟು ಸಾಕ್ಷಿ ಇರುವುದು ಸಕ್ಕರೆ, ಮೈದಾದಂಥವುಗಳ ಮೇಲೆ, ಕೆಲವರಲ್ಲಿ ಹಾಲಿನ ಮೇಲೆ. ಶೇಂಗಾ ಮೇಲೆ ಅಂಥ ಗಟ್ಟಿ ಪುರಾವೆ ಇಲ್ಲ. ಹಿಂಡಿ ಖುಲಾಸೆಯಾಯಿತು. ಅತ್ತೆ ಮೇಲ್ಮನವಿ ಹಾಕಿದ್ದಾರೆ.

ಉಳಿದ ಸಲಹೆಗಳನ್ನು ಬೇಗ ಮುಗಿಸುತ್ತೇನೆ. ನಿಂಬೆಹುಳಿ, ಟೂತ್‌ಪೇಸ್ಟು, ಮುಲ್ತಾನಿ ಮಿಟ್ಟಿ, ಕಡಲೆಹಿಟ್ಟು, ಬೆಳಿಗ್ಗೆ ಎದ್ದ ಕೂಡಲೆ ಬಾಯೆಂಜಲು. ಕೊನೆಯದನ್ನು ಸೂಚಿಸಿದವರು ನಮ್ಮ ಕಾಲೇಜಿನ ಹಿರಿಯ ಸಹೋದ್ಯೋಗಿಯೊಬ್ಬರು, ವಿಷಯ ರಸಾಯನಶಾಸ್ತ್ರ.

ಕೊನೆಗೆ ಕಲಬುರಗಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸುವುದೆಂದಾಯಿತು. ಸೇಡಂನಿಂದ ಕಲಬುರಗಿಗೆ ಹೋಗುವ ರೈಲು ಚಿತ್ತಾಪುರ, ವಾಡಿ, ಶಹಾಬಾದ ಮೂರನ್ನೂ ಹಾದೇ ಹೋಗುತ್ತದೆ, ಅಂದರೆ ಚಿಂಚೋಳಿಯೊಂದನ್ನು ಬಿಟ್ಟು ನನ್ನ ಮುಖದ ಹಕ್ಕುದಾರರೆಲ್ಲರ ಬಾಗಿಲ ಮುಂದಿನಿಂದ. ಮೊಣಕಾಲು ತೋರಿಸುವ ನೆಪದಲ್ಲಿ ಅತ್ತೆಯೂ ಹೊರಟರು. ಡಾಕ್ಟರ್ ಬಾಯಿ ನನ್ನ ಗದ್ದವನ್ನು ಬೆಳಕಿಗೆ ತಿರುಗಿಸಿ ನೋಡಿ ಮೊದಲು ಕೇಳಿದ ಪ್ರಶ್ನೆ, “ಬಸಿರಾಗೋ ವಿಚಾರ ಏನರೆ ಅದ ಏನ್ರಿ?” ಬಾಗಿಲ ಹತ್ತಿರ ಸ್ಟೂಲಿನ ಮೇಲಿದ್ದ ಅತ್ತೆಯವರ ಬೆನ್ನು ನೆಟ್ಟಗಾಯಿತು. ಇಲ್ಲವೆಂದೆ. “ಆದ್ರ ಮೊದಲೇ ಹೇಳ್ರಿ, ಈ ಮುಲಾಮು ಬಿಡಬೇಕಾಗ್ತದ” ಎಂದು ಬರೆದುಕೊಟ್ಟರು: ಅಡಾಪಲೀನ್, 0.1%, ರಾತ್ರಿ ಹೊತ್ತು.

ವಾಪಸು ಬರುವಾಗ ಅತ್ತೆ ಶಹಾಬಾದ ದಾಟುವ ತನಕ ಮಾತಾಡಲಿಲ್ಲ. ವಾಡಿಯಲ್ಲಿ ಗಾಡಿ ನಿಂತಾಗ ನನ್ನ ಕಿವಿಯ ಹತ್ತಿರ ಬಂದು ಕೇಳಿದರು. “ಅದು ಮಕ್ಕಳಾಗಬಾರ್ದಂತ ಹಚ್ಚೋ ಮುಲಾಮೇನು?”

ಅಲ್ಲ ಎಂದು ಅವರಿಗೆ ತಿಳಿಸಿ ಹೇಳುವುದರೊಳಗೆ ಸೇಡಂ ಬಂತು. ಈ ಮುಲಾಮು ರೆಟಿನಾಯ್ಡ್ ಜಾತಿಯದು. ರೆಟಿನಾಯ್ಡ್ ಎಂಬುದು ವಿಟಮಿನ್ ‘ಎ’ ಮನೆತನದ ಔಷಧಗಳ ಕುಲನಾಮ. ಟ್ರೆಟಿನಾಯಿನ್ ಅದರ ಹಿರಿಯಣ್ಣ, ವಿಟಮಿನ್ನಿಗೆ ತೀರ ಹತ್ತಿರದ ರಕ್ತಸಂಬಂಧ. ಅಡಾಪಲೀನ್ ಪ್ರಯೋಗಶಾಲೆಯಲ್ಲಿ ಕಟ್ಟಿದ್ದು, ದತ್ತು ಬಂದ ಮಗ. ಆದರೆ ಮನೆತನದ ಕೆಲಸವನ್ನೇ ಮಾಡುತ್ತದೆ, ಉರಿಯೂ ಕಡಿಮೆ. ಇದೇ ಕುಲದ ಐಸೊಟ್ರೆಟಿನಾಯಿನ್ ಎಂಬ ನುಂಗುವ ಗುಳಿಗೆ ಬಸುರಿಯರ ಹೊಟ್ಟೆಯ ಕೂಸಿಗೆ ಭಾರಿ ಅಪಾಯ ಮಾಡುವಂಥದ್ದು. ಹಚ್ಚುವ ಮುಲಾಮು ರಕ್ತಕ್ಕೆ ಸೇರುವುದು ಅತ್ಯಲ್ಪ, ಆದರೂ ಯಾವ ಡಾಕ್ಟರೂ ಬಸಿರಿನಲ್ಲಿ ಅದನ್ನು ಕೊಡುವ ಉಸಾಬರಿಗೆ ಹೋಗುವುದಿಲ್ಲ. ಇಷ್ಟನ್ನೂ ಕೇಳಿಸಿಕೊಂಡ ಅತ್ತೆ, “ಅಂದ್ರ ಇನ್ನೊಂದು ಕೂಸಾದ್ರ ಇದರ ಗರಜೇ ಇಲ್ಲಲ್ಲ” ಎಂದು ತಮ್ಮ ಪರ್ಯಾಯ ಚಿಕಿತ್ಸೆಯನ್ನು ಮುಂದಿಟ್ಟರು.

ಅಂದು ರಾತ್ರಿ ಶುರುವಾದದ್ದು ಅಳತೆಯ ತಕರಾರು. ಡಾಕ್ಟರು ಹೇಳಿದ್ದು ಇಡೀ ಮುಖಕ್ಕೆ ಸೇರಿ ಒಂದು ಬಟಾಣಿ ಕಾಳಿನಷ್ಟು. ಮೊಡವೆಯ ತಲೆಯ ಮೇಲೆ ಚುಕ್ಕೆ ಇಡುವುದಲ್ಲ. ಹಣೆ, ಎರಡು ಗಲ್ಲ, ಗದ್ದಕ್ಕೆ ಹಂಚಿ ತೆಳ್ಳಗೆ ಸವರುವುದು. ನನ್ನ ಯಜಮಾನರು ದಾಲ್ ಮಿಲ್ಲಿನ ಲೆಕ್ಕಪತ್ರ ನೋಡುವವರು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗಿನಿಂದ ಕಾಳಿನ ವಿಷಯದಲ್ಲಿ ಅವರು ಯಾರ ಮಾತನ್ನೂ ಸುಲಭಕ್ಕೆ ಒಪ್ಪುವುದಿಲ್ಲ. “ಯಾವ ಬಟಾಣಿ? ಹಸೀದೊ, ಒಣಗಿದ್ದೊ? ಒಣಗಿದ್ದಂದ್ರ ನೆನಸಿದ್ದೊ, ನೆನಸದೇ ಇದ್ದದ್ದೊ?” ಡಾಕ್ಟರು ಹೇಳಿಲ್ಲವೆಂದೆ. “ತೊಗರಿ ನಾಡಿನಾಗ ಕುಂತು ಬಟಾಣಿ ಲೆಕ್ಕ ಹೇಳ್ತಾರಂದ್ರ ಏನನ್ನಬೇಕು” ಎಂದವರೇ ಅಡುಗೆಮನೆಗೆ ಹೋಗಿ ಒಂದು ತಾಟಿನಲ್ಲಿ ಬಟಾಣಿ, ಕಡಲೆ, ತೊಗರಿ ಮೂರನ್ನೂ ಸಾಲಾಗಿ ಇಟ್ಟುಕೊಂಡು ಬಂದರು. ಮಗ ಅಳತೆಪಟ್ಟಿ ತಂದ. ಕಡೆಗೆ ಮನೆಮಂದಿಯೆಲ್ಲ ಸೇರಿ ತೊಗರಿಗೆ ವೋಟು ಹಾಕಿದರು. ಬಟಾಣಿಗಿಂತ ಸಣ್ಣದು, ಮೊದಮೊದಲಿಗೆ ಸಣ್ಣದೇ ಲೇಸು. ಈ ಔಷಧಕ್ಕೆ ಹೆಚ್ಚು ಹಚ್ಚಿದರೆ ಬೇಗ ಗುಣ ಎಂಬ ಲೆಕ್ಕವೇ ಇಲ್ಲ. ಹೆಚ್ಚು ಹಚ್ಚಿದರೆ ಹೆಚ್ಚು ಉರಿ, ಅಷ್ಟೆ. ನಮ್ಮ ಮೈಬಣ್ಣದ ಚರ್ಮಕ್ಕೆ ಉರಿಯೆಂದರೆ ಮುಂದೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ.

ಹಚ್ಚುವ ರೀತಿಗೂ ಒಂದು ಮಡಿ ಇದೆ. ಮುಖ ತೊಳೆದು ಒರೆಸಿ ಕಾಲು ಗಂಟೆ, ಇಪ್ಪತ್ತು ನಿಮಿಷ ಸುಮ್ಮನೆ ಕೂಡಬೇಕು. ಒದ್ದೆ ಚರ್ಮಕ್ಕೆ ಹಚ್ಚಿದರೆ ಔಷಧ ಬೇಕಾದ್ದಕ್ಕಿಂತ ಆಳಕ್ಕಿಳಿದು ಕೆರಳಿಸುತ್ತದೆ. ಕಣ್ಣಿನ ಅಂಚು, ಮೂಗಿನ ಮಗ್ಗುಲ ಮಡಿಕೆ, ತುಟಿಯ ಮೂಲೆ ಈ ಮೂರು ಕಡೆ ಅದಕ್ಕೆ ಪ್ರವೇಶವಿಲ್ಲ. ಮೊದಲ ಕೆಲವು ವಾರ ದಿನ ಬಿಟ್ಟು ದಿನ, ತೀರ ನಾಜೂಕು ಚರ್ಮದವರಾದರೆ ವಾರಕ್ಕೆರಡೇ ರಾತ್ರಿ. ಉರಿ ತಾಳದವರು ಮೊದಲು ಮಾಯಿಶ್ಚರೈಸರ್, ಮೇಲೆ ಔಷಧ, ಅದರ ಮೇಲೆ ಮತ್ತೆ ಮಾಯಿಶ್ಚರೈಸರ್ ಹಚ್ಚಿಕೊಳ್ಳಬಹುದು. ಆ ಇಪ್ಪತ್ತು ನಿಮಿಷ ಸುಮ್ಮನೆ ಕೂಡುವುದು ನಮ್ಮ ಮನೆಯಲ್ಲಿ ಯಾವ ಹೆಂಗಸೂ ಮಾಡಿರದ ಕೆಲಸವಾದ್ದರಿಂದ ಅತ್ತೆಗೆ ಅದೇ ಎಲ್ಲಕ್ಕಿಂತ ದೊಡ್ಡ ಅಡ್ಡಪರಿಣಾಮವಾಗಿ ಕಂಡಿತು.

ಒಳಗೆ ಅದು ಮಾಡುವುದೇನು ಎಂದು ಡಾಕ್ಟರ್ ಬಾಯಿ ಸರಳವಾಗಿ ವಿವರಿಸಿದ್ದರು. ಚರ್ಮದ ಪ್ರತಿ ರೋಮದ ಬುಡವೂ ಬಚ್ಚಲಿನ ತೂಬು ಇದ್ದ ಹಾಗೆ. ಒಳಗಿನ ಗ್ರಂಥಿಯ ಜಿಡ್ಡು ಅದರ ಮೂಲಕ ಹೊರಗೆ ಬರಬೇಕು. ಸತ್ತ ಚರ್ಮದ ಕಣಗಳು ಒಂದಕ್ಕೊಂದು ಅಂಟಿ ತೂಬಿಗೆ ಬಿರಡೆ ಹಾಕಿದರೆ ಜಿಡ್ಡು ನಿಂತುಕೊಳ್ಳುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಊತ, ಕೆಂಪು, ಕೀವು. ನಾವು ಕನ್ನಡಿಯಲ್ಲಿ ನೋಡಿ ಬೆಚ್ಚುವ ಮೊಡವೆ ಈ ಕಥೆಯ ಕೊನೆಯ ಅಧ್ಯಾಯ. ಮೊದಲ ಅಧ್ಯಾಯ ಎಷ್ಟೋ ವಾರ ಹಿಂದೆಯೇ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರಡೆಯಾಗಿ ಮುಗಿದಿರುತ್ತದೆ. ರೆಟಿನಾಯ್ಡ್ ಚರ್ಮದ ಕಣಗಳ ಕೇಂದ್ರದೊಳಗಿರುವ ಗ್ರಾಹಕಗಳಿಗೆ ಅಂಟಿಕೊಂಡು, ಆ ಕಣಗಳು ಹುಟ್ಟಿ ಬಲಿತು ಉದುರುವ ರೀತಿಯನ್ನೇ ತಿದ್ದುತ್ತದೆ. ಹೊಸ ಬಿರಡೆ ಕೂಡದಂತೆ ನೋಡಿಕೊಳ್ಳುತ್ತದೆ. ಎದ್ದಿರುವ ಮೊಡವೆಗಿಂತ ಹೆಚ್ಚಾಗಿ ಅದು ಬರಲಿರುವ ಮೊಡವೆಗೆ ಔಷಧ. ಆದ್ದರಿಂದಲೇ ಎರಡರಿಂದ ಮೂರು ತಿಂಗಳ ಮೊದಲು ತೀರ್ಪು ಕೊಡಬಾರದು. ಒಳಗೆ ಕೂತಿದ್ದವು ಒಮ್ಮೆಲೇ ಹೊರಬರುವುದರಿಂದ ಮೊದಲ ಕೆಲವು ವಾರ ಮುಖ ಇನ್ನಷ್ಟು ಕೆಡುವುದೂ ಉಂಟು.

ಈ ಕೊನೆಯ ಮಾತು ನಮ್ಮ ಕಡೆಯ ಸಮಾಜಕ್ಕೆ ಒಗ್ಗುವುದೇ ಇಲ್ಲ. ಔಷಧ ಹಚ್ಚಿದ ಮೇಲೆ ರೋಗ ಹೆಚ್ಚಾಯಿತೆಂದರೆ ಔಷಧ ಸುಳ್ಳು, ಡಾಕ್ಟರು ಸುಳ್ಳು, ಕೊಟ್ಟ ದುಡ್ಡಷ್ಟೇ ಖರೆ. ಗದ್ದದಲ್ಲಿ ಹೊಸದೆರಡು ಎದ್ದವು. ಹಣೆ, ಮೂಗಿನ ಮಗ್ಗುಲು ಒಣಗಿ ಸಣ್ಣಗೆ ಸಿಪ್ಪೆ ಏಳತೊಡಗಿತು. ಇಲ್ಲಿಂದ ಊರುಗಳು ತಮ್ಮ ತಮ್ಮ ವ್ಯಾಖ್ಯಾನ ಕೊಟ್ಟವು. ಸೇಡಂನಲ್ಲಿ ಬೆಳಿಗ್ಗೆ ಪೂಜೆ ಮುಗಿಸಿ ಹೊರಬಂದಾಗ ನನ್ನ ಹಣೆಯ ಮೇಲೆ ವಿಭೂತಿಯೂ ಬಿಳಿ, ಸಿಪ್ಪೆಯೂ ಬಿಳಿ. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ತಿಳಿಯದೆ ಅತ್ತೆ, ಸೊಸೆಗೆ ಭಕ್ತಿ ಹೆಚ್ಚಾಗಿದೆ ಎಂದು ಓಣಿಯಲ್ಲಿ ನಾಲ್ಕು ಮಂದಿಗೆ ಹೇಳಿದರು. ನಾನು ತಿದ್ದಲು ಹೋಗಲಿಲ್ಲ. ವಾಡಿಯ ಅಣ್ಣ ಗದ್ದ ಹಿಡಿದು ನೋಡಿ, “ಇದು ನಮ್ ವಾಡಿ ಸಿಮೆಂಟಿಂದೊ ನಿಮ್ ಸೇಡಂದ್ದೊ?” ಎಂದು ಕಾರ್ಖಾನೆಯ ತಪಾಸಣೆಯವರ ಗಾಂಭೀರ್ಯದಲ್ಲಿ ಕೇಳಿದ. ಅವ್ವ ಫೋನಿನಲ್ಲಿ, “ನಾ ಹೇಳಿದ್ನಿಲ್ಲೊ, ನೀರು” ಎಂದಳು. ಚಿತ್ತಾಪುರದ ಹುಡುಗಿಯರು ಏನೂ ಹೇಳಲಿಲ್ಲ. ಅವರ ಅರ್ಧಕ್ಕರ್ಧ ಮುಖಗಳು ನನ್ನದರ ಹಾಗೇ ಇದ್ದವು. ಪಾಠಕ್ಕಿಂತ ಹೆಚ್ಚು ಶ್ರದ್ಧೆಯಿಂದ ಅವರು ನನ್ನ ಗದ್ದವನ್ನು ವಾರವಾರಕ್ಕೂ ಗಮನಿಸುತ್ತಿದ್ದರು.

ಬಿಸಿಲಿನ ಮಾತು ಹೇಳದೆ ನಮ್ಮ ಜಿಲ್ಲೆಯ ಯಾವ ಮಾತೂ ಮುಗಿಯುವುದಿಲ್ಲ. ಮೇ ತಿಂಗಳಲ್ಲಿ ಪಾದರಸ 42, 43 ಮುಟ್ಟುವ ಊರಿನಲ್ಲಿ, ಹೊಸ ಪದರ ಬಿಡುತ್ತಿರುವ ಚರ್ಮಕ್ಕೆ ಬಿಸಿಲು ಬೇಗ ತಾಕುತ್ತದೆ. ಟ್ರೆಟಿನಾಯಿನ್ ಬೆಳಕಿಗೆ ಸಿಕ್ಕರೆ ತಾನೇ ಒಡೆದು ಹಾಳಾಗುತ್ತದೆ, ಅದಕ್ಕೇ ರಾತ್ರಿ ಹಚ್ಚುವ ರೂಢಿ. ಅಡಾಪಲೀನ್ ಬೆಳಕಿಗೆ ತಡೆದರೂ ಅದನ್ನೂ ಮಲಗುವ ಮುಂಚೆಯೇ ಹಚ್ಚುತ್ತಾರೆ. ಹಗಲಿಗೆ ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಮೇಲಿನದು, ಎರಡು ಬೆರಳುದ್ದ ಹಿಂಡಿಕೊಂಡು ಮುಖ, ಕುತ್ತಿಗೆಗೆ. ಮುಲಾಮು ಕಾಳಿನಷ್ಟು, ಸನ್‌ಸ್ಕ್ರೀನ್ ಬೆರಳಿನಷ್ಟು. ದುಬಾರಿ ಬೀಳುವುದು ಯಾವುದೆಂದು ನಮ್ಮ ಲೆಕ್ಕಪತ್ರದವರು ಮೊದಲ ತಿಂಗಳೇ ಕಂಡುಹಿಡಿದರು. ಅದರ ಮೇಲೆ ನಾನು ನಮ್ಮ ಕಡೆಯ ಹುಡುಗಿಯರ ಹಾಗೆ ಓಡ್ನಿಯನ್ನು ಕಣ್ಣಷ್ಟೇ ಬಿಟ್ಟು ಸುತ್ತಿಕೊಂಡು ಸ್ಟೇಷನ್ನಿನಿಂದ ಕಾಲೇಜಿಗೆ ನಡೆಯುತ್ತೇನೆ. ಇದಕ್ಕೆ ಕಂಪನಿಗಳು ಯಾವ ನಂಬರೂ ಕೊಟ್ಟಿಲ್ಲ, ಕೆಲಸ ಚೆನ್ನಾಗಿಯೇ ಮಾಡುತ್ತದೆ.

ಈ ಚರ್ಮದ ಚಿಂತೆ ನನ್ನ ಇತಿಹಾಸದ ಪಾಠಕ್ಕೂ ನುಗ್ಗಿತು. ಚಿತ್ತಾಪುರ ತಾಲೂಕಿನ ಸನ್ನತಿಗೆ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಭೀಮೆಯ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದು, ವಿಗ್ರಹದ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಮುಂದೆ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಸ್ತೂಪದ ಅವಶೇಷಗಳ ನಡುವೆ ಹೊರಬಂತು ಅಶೋಕನ ಉಬ್ಬುಶಿಲ್ಪ, ಬ್ರಾಹ್ಮಿಯಲ್ಲಿ ‘ರಾಯ ಅಸೋಕೊ’ ಎಂದು ಹೆಸರು ಸಮೇತ. ರಾಜ, ರಾಣಿ, ಛತ್ರ ಚಾಮರ ಹಿಡಿದ ಹೆಂಗಸರು. ಹುಡುಗರಿಗೆ ಇಷ್ಟು ಹೇಳಿ ನಾನು ಮುಂದಕ್ಕೆ ಹೋಗುತ್ತಿದ್ದೆ. ಈ ಸಲ ನಿಂತೆ. ‘ಅಶೋಕಾವದಾನ’ ಎಂಬ ಸಂಸ್ಕೃತ ಬೌದ್ಧ ಕಥನದಲ್ಲಿ ಅಶೋಕನ ಚರ್ಮ ಒರಟು. ಮುಟ್ಟಲು ಹಿತವಿಲ್ಲ ಎಂಬ ಕಾರಣಕ್ಕೇ ಅಪ್ಪ ಬಿಂದುಸಾರನಿಗೆ ಅವನ ಮೇಲೆ ಪ್ರೀತಿ ಇರಲಿಲ್ಲ. ಅಂತಃಪುರದ ಹೆಂಗಸರೂ ಮೂಗು ಮುರಿದರು, ಅವನಿಗೆ ಪ್ರಿಯವಾದ ಅಶೋಕ ಮರದ ಹೂವು ಟೊಂಗೆಗಳನ್ನೆಲ್ಲ ಕಿತ್ತೆಸೆದರು, ಅವನು ಸಿಟ್ಟಿಗೆದ್ದು ಅವರನ್ನು ಸುಡಿಸಿದ. ಇದು ಚಂಡಾಶೋಕನನ್ನು ಧರ್ಮಾಶೋಕನನ್ನಾಗಿ ತೋರಿಸಲು ಕಟ್ಟಿದ ಕಥೆ, ಇತಿಹಾಸವಲ್ಲ ಎಂದು ಹುಡುಗಿಯರಿಗೆ ಒತ್ತಿ ಹೇಳಿದೆ. ಆದರೂ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, “ಮೇಡಂ, ಆವಾಗ ಈ ಮುಲಾಮು ಇದ್ದಿದ್ರ ಕಳಿಂಗ ಯುದ್ಧಾನೇ ಆಗ್ತಿರಲಿಲ್ಲ” ಎಂದಳು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಕೊಡಲಾಗುವುದಿಲ್ಲ. ಕೊಡುವ ಮನಸ್ಸಂತೂ ಇದೆ.

ಮೂರನೇ ತಿಂಗಳಿಗೆ ಸಿಪ್ಪೆ ನಿಂತಿತು. ಹೊಸದಾಗಿ ಏಳುವುದು ಅಪರೂಪವಾಯಿತು. ಹಳೆಯ ಕಲೆಗಳು ತಿಳಿಯಾಗುವ ಲಕ್ಷಣ ಕಂಡಿತು, ಅದು ಇನ್ನೂ ನಿಧಾನದ ಕೆಲಸ. ಅತ್ತೆ ಮಜ್ಜಿಗೆಯ ಗುಣವೆಂದರು.

ಇಷ್ಟರಲ್ಲಿ ಚಿಂಚೋಳಿಯಲ್ಲಿ ನಾದಿನಿಯ ಮಗಳ ಲಗ್ನ ನಿಶ್ಚಯವಾಯಿತು. ಬಸ್ಸಿಳಿದು ಹೋದರೆ ಹುಡುಗಿಯ ಮುಖ ಫಳಫಳ. ಎರಡೇ ವಾರದಲ್ಲಿ ಮೊಡವೆ ಮಾಯ, ಬಣ್ಣವೂ ಒಂದು ಛಾಯೆ ತಿಳಿ. “ನೋಡ್ರಿ ಅತ್ತಿ, ನೀವು ಮೂರು ತಿಂಗಳು ಹಚ್ಚಿದ್ರಿ, ನಾ ಹದಿನೈದು ದಿನ” ಎಂದು ನಕ್ಕಳು. ಗೆಳತಿ ಹೇಳಿದ ಕ್ರೀಮಂತೆ, ಮೆಡಿಕಲ್‌ನವರು ಚೀಟಿ ಕೇಳದೆ ಕೊಟ್ಟರಂತೆ. ಟ್ಯೂಬು ತಂದು ನನ್ನ ಕೈಯಲ್ಲಿಟ್ಟಳು. “ಇದರಾಗೂ ನಿಮ್ದೇ ಔಷಧ ಅದ, ನೋಡ್ರಿ.” ನೋಡಿದೆ. ಟ್ರೆಟಿನಾಯಿನ್ ಎಂದು ಖರೇನೇ ಬರೆದಿತ್ತು. ಅದರ ಮಗ್ಗುಲಲ್ಲಿ ಇನ್ನೆರಡು ಹೆಸರು, ಹೈಡ್ರೊಕ್ವಿನೋನ್ ಮತ್ತು ಮೊಮೆಟಸೋನ್.

ಇದರ ಹಿಂದೆ ಒಂದು ಕಥೆಯಿದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯ 1969ರಲ್ಲಿ ಫುಲ್ಟನ್, ಪ್ಲೆವಿಗ್ ಎಂಬಿಬ್ಬರ ಜೊತೆ ಸೇರಿ ಟ್ರೆಟಿನಾಯಿನ್ ಮೊಡವೆಗೆ ಹೇಗೆ ಕೆಲಸ ಮಾಡುತ್ತದೆಂದು ತೋರಿಸಿದ. 1971ರಲ್ಲಿ ಅದು ಅಮೆರಿಕದಲ್ಲಿ ಅಧಿಕೃತ ಔಷಧವಾಯಿತು. (ಅಡಾಪಲೀನ್ ಅಲ್ಲಿಗೆ ಬಂದದ್ದು 1996ರಲ್ಲಿ.) ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೈಮೇಲೆ ಆತ ವರ್ಷಾನುಗಟ್ಟಲೆ ನಡೆಸಿದ ಪ್ರಯೋಗಗಳಿಗಾಗಿ ಆ ನಗರ 2022ರಲ್ಲಿ ಕ್ಷಮೆ ಕೇಳಿತು, ಟ್ಯೂಬಿನ ಮೇಲೆ ಈ ಸಂಗತಿಯನ್ನು ಯಾರೂ ಅಚ್ಚು ಹಾಕುವುದಿಲ್ಲ. ಅದೇ ಕ್ಲಿಗ್‌ಮನ್ 1975ರಲ್ಲಿ ಇನ್ನೊಂದು ಮಿಶ್ರಣ ಮಾಡಿದ. ಟ್ರೆಟಿನಾಯಿನ್, ಬಣ್ಣ ತೆಗೆಯುವ ಹೈಡ್ರೊಕ್ವಿನೋನ್, ಜೊತೆಗೊಂದು ಸ್ಟೆರಾಯ್ಡ್. ಮುಖದ ಮೇಲೆ ಬಂಗು ಬಂದವರಿಗೆ ಕೆಲವು ವಾರ ಮಾತ್ರ, ಡಾಕ್ಟರ ಕಣ್ಣೆದುರು ಕೊಡಬೇಕಾದದ್ದು. ಅದರ ಮೊಮ್ಮಕ್ಕಳೇ ನಮ್ಮ ಊರುಗಳಲ್ಲಿ ಬೆಳ್ಳಗಾಗುವ ಕ್ರೀಮ್ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ಹೋಗುತ್ತಿವೆ. ಎರಡೇ ವಾರದಲ್ಲಿ ಮೊಡವೆ ಅಡಗಿಸುವುದು ಸ್ಟೆರಾಯ್ಡಿನ ಕೆಲಸ. ಊತ ಇಳಿಯುತ್ತದೆ, ಕೆಂಪು ಹೋಗುತ್ತದೆ, ಕನ್ನಡಿ ಹೊಗಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತವೆ, ಮುಖದಲ್ಲಿ ಕೂದಲು ಬರುತ್ತದೆ. ಬಿಟ್ಟರೆ ಮುಖ ಬೆಂಕಿ, ಮೊಡವೆ ಮೊದಲಿನ ಎರಡರಷ್ಟು. ಬಿಡಲಾರದೆ ಮತ್ತೆ ಹಚ್ಚುತ್ತಾರೆ. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ ಕೇಂದ್ರ ಸರಕಾರ 2018ರಲ್ಲಿ ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ಆ ನಿಯಮವೂ ಚಿಂಚೋಳಿಗೆ ಒಂದು ಬಸ್ಸು ತಡವಾಗಿಯೇ ಹೊರಟಂತಿದೆ.

ಹುಡುಗಿಗೆ ಇಷ್ಟನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. “ಅತ್ತಿ, ಲಗ್ನ ಮುಂದಿನ ತಿಂಗಳ ಅದ. ನಿಮ್ ಮುಲಾಮು ಹಚ್ಚಿದ್ರ ಅಕ್ಕಿಕಾಳು ಬೀಳೋ ಹೊತ್ತಿಗಿ ಮಾರಿ ಸಿಪ್ಪಿ ಸಿಪ್ಪಿ ಆಗ್ತದಲ್ಲ?” ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಏಕೆಂದರೆ ಅವಳು ಹೇಳಿದ್ದು ಸರಿಯೇ. ಲಗ್ನಕ್ಕೆ ಒಂದು ತಿಂಗಳಿರುವಾಗ ರೆಟಿನಾಯ್ಡ್ ಶುರು ಮಾಡು ಎಂದು ಬುದ್ಧಿ ಇರುವ ಯಾರೂ ಹೇಳುವುದಿಲ್ಲ. ನಮ್ಮ ಕಡೆ ಹುಡುಗಿಯ ಮುಖದ ನೆನಪಾಗುವುದೇ ಲಗ್ನ ಗೊತ್ತಾದ ಮೇಲೆ. ಕಲ್ಯಾಣ ಮಂಟಪ ಆರು ತಿಂಗಳು ಮೊದಲೇ ಗೊತ್ತು ಮಾಡುವ ನಾದಿನಿ, ಮಗಳನ್ನು ಡಾಕ್ಟರಿಗೆ ತೋರಿಸಲು ಅಷ್ಟೇ ಮೊದಲು ಹೊರಟಿದ್ದರೆ ಈ ಟ್ಯೂಬಿಗೆ ಆ ಮನೆಯಲ್ಲಿ ಜಾಗವೇ ಇರುತ್ತಿರಲಿಲ್ಲ. ಕಡೆಗೆ ಅವಳನ್ನೂ ಕಲಬುರಗಿಗೆ ಕರೆದುಕೊಂಡು ಹೋದೆವು. ಒಮ್ಮೆಲೇ ಬಿಡಿಸದೆ ಹೇಗೆ ಇಳಿಸುತ್ತ ಬರಬೇಕೆಂದು ಡಾಕ್ಟರ್ ಬಾಯಿ ಅವಳಿಗೆ ಬೇರೆಯೇ ಚೀಟಿ ಬರೆದರು. ಅತ್ತೆ ಸ್ಟೂಲಿನ ಮೇಲೆ ಕೂತು ಮೊಮ್ಮಗಳಿಗೂ ಅದೇ ಮೊದಲ ಪ್ರಶ್ನೆ ಬರುತ್ತದೇನೋ ಎಂದು ಕಾದರು.

ನಿಮ್ಮ ಮನೆಯ ಮಕ್ಕಳು ಮುಖಕ್ಕೆ ಹಚ್ಚಿಕೊಳ್ಳುವ ಟ್ಯೂಬನ್ನು ಒಮ್ಮೆ ತಿರುವಿ, ಸಣ್ಣಕ್ಷರ ಓದಿ ನೋಡಿ. ಮೊಮೆಟಸೋನ್, ಬೀಟಾಮೆಥಸೋನ್, ಕ್ಲೊಬೆಟಸಾಲ್, ಇವುಗಳಲ್ಲಿ ಒಂದು ಹೆಸರು ಕಂಡರೂ, ಅದು ಡಾಕ್ಟರು ಬರೆದುಕೊಟ್ಟದ್ದಲ್ಲದಿದ್ದರೆ, ಬೈಯದೆ, ಹೆದರಿಸದೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕಲಬುರಗಿಯ ಜಿಮ್ಸ್ ಸರಕಾರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ.